ಚಿತ್ರಮಂದಿರ ಉಳಿಸಲು ಸಹಿ ಸಂಗ್ರಹವೊಂದೇ ಸಾಲದು

ಮಾನ್ಯ ಸಂಪಾದಕರೇ,

ನಮ್ಮ ಊರುಗಳ ಹಳೆಯ ಚಿತ್ರಮಂದಿರವೊಂದು ಬಾಗಿಲು ಹಾಕಿದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ಲೇಖನ, ಒಂದೆರಡು ಕಪ್ಪು ಬಿಳುಪು ಚಿತ್ರ, ಮರುವಾರ ಓದುಗರ ಮೂರು ನಾಲ್ಕು ನೆನಪಿನ ಪತ್ರಗಳು ಬರುತ್ತವೆ. ಅಲ್ಲಿಗೆ ಆ ವಿಷಯ ಮುಗಿಯುತ್ತದೆ. 2017ರಲ್ಲಿ ಕಪಾಲಿ ಮುಚ್ಚಿದಾಗ ಹೀಗೇ ಆಯಿತು. 2018ರ ಕೊನೆಯ ದಿನ ಬ್ರಿಗೇಡ್ ರಸ್ತೆಯ ರೆಕ್ಸ್ ನಿಂತಾಗಲೂ, 1974ರಲ್ಲಿ ಆರಂಭವಾಗಿದ್ದ ಸದಾಶಿವನಗರದ ಕಾವೇರಿ ಐವತ್ತು ವರ್ಷ ತುಂಬಿಸಿಕೊಂಡು 2024ರಲ್ಲಿ ಪ್ರದರ್ಶನ ನಿಲ್ಲಿಸಿದಾಗಲೂ ಹೀಗೇ ಆಯಿತು. ಗಾಂಧಿನಗರದ ಗಲ್ಲಿಗಳಲ್ಲಿ ಓಡಾಡಿ ಬೆಳೆದು, ಈಗ ಉದ್ಯೋಗನಿಮಿತ್ತ ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ ನೆಲೆಸಿರುವ ನಾನು ಆ ಪತ್ರಗಳನ್ನೆಲ್ಲ ಅಂತರ್ಜಾಲದಲ್ಲಿ ತಪ್ಪದೆ ಓದಿದ್ದೇನೆ. ಅವುಗಳಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಆದರೆ ಕಟ್ಟಡ ಕೈತಪ್ಪಿದ ಮೇಲೆಯೇ ನಾವು ಮಾತಾಡಲು ಆರಂಭಿಸುತ್ತೇವೆ ಎಂಬುದು ಮಾತ್ರ ಪ್ರತಿಬಾರಿಯೂ ಎದ್ದು ಕಾಣುತ್ತಿತ್ತು.

ನಾನಿರುವ ಊರಿನಲ್ಲಿ ನಗರಮಧ್ಯದ ಚಿತ್ರಮಂದಿರವೊಂದು 2022ರ ಅಕ್ಟೋಬರಿನಲ್ಲಿ ದಿಢೀರನೆ ಮುಚ್ಚಿ, 2025ರ ಜೂನ್‌ನಲ್ಲಿ ಜನರ ಪ್ರಯತ್ನದಿಂದಲೇ ಮತ್ತೆ ತೆರೆಯಿತು. ಅದು ಹೇಗಾಯಿತೆಂಬುದನ್ನು ಸ್ವಲ್ಪ ವಿವರವಾಗಿ ಬರೆದರೆ ಕೆಂಪೇಗೌಡ ರಸ್ತೆಯಲ್ಲಿ ಉಳಿದಿರುವ ಬೆರಳೆಣಿಕೆಯ ಚಿತ್ರಮಂದಿರಗಳ ಬಗ್ಗೆ ಯೋಚಿಸುವವರಿಗೆ ಉಪಯೋಗವಾದೀತು ಎಂದು ಈ ದೀರ್ಘ ಪತ್ರ.

ಆ ಚಿತ್ರಮಂದಿರದ ಹೆಸರು ಫಿಲ್ಮ್‌ಹೌಸ್. ಕೋಟೆಯ ಬೆಟ್ಟದಿಂದ ನಡೆದು ಹೋಗುವಷ್ಟು ದೂರದ ಲೋಥಿಯನ್ ರಸ್ತೆಯಲ್ಲಿ, ಹತ್ತೊಂಬತ್ತನೇ ಶತಮಾನದ ಹಳೆಯ ಚರ್ಚ್ ಕಟ್ಟಡವೊಂದರಲ್ಲಿ ಅದು 1979ರಿಂದ ನಡೆದುಕೊಂಡು ಬಂದಿತ್ತು. 1947ರಲ್ಲಿ ಆರಂಭವಾದ ಎಡಿನ್‌ಬರಾ ಚಿತ್ರೋತ್ಸವಕ್ಕೆ ದಶಕಗಳ ಕಾಲ ಅದೇ ನೆಲೆ. ಅದನ್ನು ನಡೆಸುತ್ತಿದ್ದುದು ಲಾಭಕ್ಕಾಗಿ ದುಡಿಯದ ಒಂದು ಧರ್ಮಾರ್ಥ ಸಂಸ್ಥೆ. ಕೋವಿಡ್ ನಂತರ ಪ್ರೇಕ್ಷಕರು ಮೊದಲಿನಷ್ಟು ಬರಲಿಲ್ಲ, ವಿದ್ಯುತ್ತಿನ ಬಿಲ್ಲು ಏರುತ್ತಲೇ ಹೋಯಿತು, ಉಳಿದೆಲ್ಲ ಖರ್ಚುಗಳೂ ಹೆಚ್ಚಿದವು. 2022ರ ಅಕ್ಟೋಬರ್ 6ರಂದು ಸಂಸ್ಥೆ ಕೈಚೆಲ್ಲಿತು. ಫಿಲ್ಮ್‌ಹೌಸ್ ಜೊತೆಗೆ ಅದೇ ಸಂಸ್ಥೆ ನಡೆಸುತ್ತಿದ್ದ ಅಬರ್ಡೀನ್ ನಗರದ ಬೆಲ್ಮಾಂಟ್ ಚಿತ್ರಮಂದಿರವೂ ಮುಚ್ಚಿತು. ನೂರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಆ ವಾರ ಬಿಡುಗಡೆಯಾಗಬೇಕಿದ್ದ ಚಿತ್ರಗಳ ಪೋಸ್ಟರುಗಳು ಮುಂಬಾಗಿಲಿನ ಗಾಜಿನ ಹಿಂದೆ ತಿಂಗಳುಗಟ್ಟಲೆ ಹಾಗೆಯೇ ಇದ್ದು ಬಣ್ಣಗೆಟ್ಟಿದ್ದನ್ನು ನಾನು ಆಫೀಸಿಗೆ ಹೋಗುವ ಬಸ್ಸಿನಿಂದ ನೋಡುತ್ತಿದ್ದೆ.

ಮೊದಲ ದಿನಗಳಲ್ಲಿ ನಡೆದದ್ದು ನಮ್ಮಲ್ಲಿ ನಡೆಯುವಂಥದ್ದೇ. ಸಾವಿರಾರು ಸಹಿಗಳ ಮನವಿ ಸಿದ್ಧವಾಯಿತು, ಬಾಗಿಲ ಮುಂದೆ ಜನ ಸೇರಿದರು, ಹೆಸರುವಾಸಿ ನಟರೂ ನಿರ್ದೇಶಕರೂ ಬೆಂಬಲ ಸೂಚಿಸಿದರು. ಆದರೆ ಅದರ ಜೊತೆಜೊತೆಗೇ, ಅಲ್ಲಿ ಹಿಂದೆ ಕೆಲಸ ಮಾಡಿ ಅನುಭವವಿದ್ದ ನಾಲ್ವರು ಬೇರೊಂದು ಕೆಲಸಕ್ಕೆ ಕೈಹಾಕಿದರು. ಚಿತ್ರಗಳನ್ನು ಆರಿಸುವುದು, ಯಂತ್ರಗಳನ್ನು ನೋಡಿಕೊಳ್ಳುವುದು, ಲೆಕ್ಕಪತ್ರ ಇಡುವುದು ಇವೆಲ್ಲ ಅವರಿಗೆ ಗೊತ್ತಿದ್ದ ವಿದ್ಯೆ. ಚಿತ್ರಮಂದಿರವನ್ನು ಮತ್ತೆ ನಡೆಸಲು ಎಷ್ಟು ಹಣ ಬೇಕು, ಎಷ್ಟು ಸೀಟು ತುಂಬಿದರೆ ಖರ್ಚು ಹುಟ್ಟುತ್ತದೆ ಎಂದು ಲೆಕ್ಕ ಹಾಕಿ, ಕಟ್ಟಡವನ್ನು ಕೊಳ್ಳಲು ಹೊರಟರು. ಆ ಪ್ರಯತ್ನ ಸೋತಿತು. 2023ರಲ್ಲಿ ಕಟ್ಟಡವನ್ನು ಪಬ್ಬು, ಹೋಟೆಲುಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯೊಂದು ಕೊಂಡುಕೊಂಡಿತು.

ನಮ್ಮಲ್ಲಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 'ಬಾರ್ ಮಾಡ್ತಾರಂತೆ' ಎಂಬ ಸುದ್ದಿ ಹಬ್ಬಿ, ಎಲ್ಲರೂ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿದ್ದೆವು. ಇವರು ಹೊಸ ಮಾಲೀಕರ ಬಳಿಗೇ ಹೋಗಿ ಮಾತುಕತೆಗೆ ಕುಳಿತರು. ಕಟ್ಟಡ ನಿಮ್ಮದೇ ಇರಲಿ, ನಮಗೆ ದೀರ್ಘಾವಧಿಯ ಗುತ್ತಿಗೆಗೆ ಕೊಡಿ, ನಾವು ಚಿತ್ರಮಂದಿರ ನಡೆಸಿ ಬಾಡಿಗೆ ಕಟ್ಟುತ್ತೇವೆ ಎಂಬುದು ಅವರ ಪ್ರಸ್ತಾಪ. ಕೊನೆಗೆ 25 ವರ್ಷಗಳ ಗುತ್ತಿಗೆಗೆ ಒಪ್ಪಂದವಾಯಿತು. ಗುತ್ತಿಗೆಗೆ ಒಪ್ಪಿಗೆ ಸಿಕ್ಕಿದ್ದರಿಂದ ದಾನಿಗಳಿಗೂ ಸರ್ಕಾರಕ್ಕೂ ನಂಬಿಕೆ ಬಂತು. ಸಾರ್ವಜನಿಕರಿಂದ ಮೂರು ಲಕ್ಷ ಪೌಂಡಿಗೂ ಮೀರಿ ಹಣ ಕೂಡಿತು. ನನ್ನದೂ ಅದರಲ್ಲಿ ಒಂದು ಸಣ್ಣ ಪಾಲು. 2024ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರ 15 ಲಕ್ಷ ಪೌಂಡು ಘೋಷಿಸಿತು. ಒಳಗಿನ ಪರದೆ, ಆಸನಗಳನ್ನೆಲ್ಲ ಹೊಸದಾಗಿಸಿ, ಇದ್ದ ಮೂರು ಪರದೆಗಳಿಗೆ ಚಿಕ್ಕದಾದ ನಾಲ್ಕನೆಯದೊಂದನ್ನು ಸೇರಿಸಿ, 2025ರ ಜೂನ್ 27ರಂದು ಮತ್ತೆ ಆಟ ಆರಂಭಿಸಿದರು.

ಇಷ್ಟಕ್ಕೆ ಎರಡೂ ಮುಕ್ಕಾಲು ವರ್ಷ ಹಿಡಿಯಿತು. ಆ ಅವಧಿಯ ಬಹುಪಾಲು ಸಮಯದಲ್ಲಿ ಘೋಷಣೆಯಾಗಲಿ ಮೆರವಣಿಗೆಯಾಗಲಿ ಇರಲಿಲ್ಲ. ಇದ್ದದ್ದು ವಕೀಲರ ಪತ್ರಗಳು, ಅಂದಾಜು ಪಟ್ಟಿಗಳು, ಸಭೆಗಳು. ಸಹಿ ಸಂಗ್ರಹದಿಂದ ಆದ ಉಪಕಾರವೆಂದರೆ, ಇಷ್ಟು ಜನ ಟಿಕೆಟ್ ಕೊಳ್ಳಲು ತಯಾರಿದ್ದಾರೆ ಎಂದು ಮಾಲೀಕರಿಗೂ ಸರ್ಕಾರಕ್ಕೂ ತೋರಿಸಿದ್ದು. ಕಟ್ಟಡದ ಕೀಲಿಕೈ ತಂದುಕೊಟ್ಟದ್ದು ಮಾತ್ರ ಗುತ್ತಿಗೆಯ ಒಪ್ಪಂದವೇ.

ಲಂಡನ್ನಿನಲ್ಲಿ ಇದೇ ಕಾಲಕ್ಕೆ ಇನ್ನೊಂದು ಪ್ರಸಂಗ ನಡೆಯಿತು. ಲೆಸ್ಟರ್ ಸ್ಕ್ವೇರ್ ಪಕ್ಕದ ಪ್ರಿನ್ಸ್ ಚಾರ್ಲ್ಸ್ ಚಿತ್ರಮಂದಿರಕ್ಕೆ ಗುತ್ತಿಗೆಯ ನವೀಕರಣದಲ್ಲೇ ಕುತ್ತು ಬಂದಾಗ, 2025ರ ಜನವರಿಯ ಕೊನೆಯಲ್ಲಿ ಆರಂಭಿಸಿದ ಮನವಿಗೆ ಕೆಲವೇ ದಿನಗಳಲ್ಲಿ ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಆ ಸಹಿಗಳಿಗೆ ಒತ್ತಾಸೆಯಾಗಿ ನಿಲ್ಲಲು ಅಲ್ಲಿ ಒಂದು ಕಾನೂನಿದೆ. 2011ರ ಸ್ಥಳೀಯಾಡಳಿತ ಕಾಯ್ದೆಯ ಪ್ರಕಾರ ಊರಿನವರು ಕೇಳಿಕೊಂಡರೆ ಅಂಗಡಿ, ಪಬ್ಬು, ಚಿತ್ರಮಂದಿರದಂಥ ಸ್ಥಳವನ್ನು ನಗರಸಭೆಯು 'ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿ' ಎಂದು ಪಟ್ಟಿಗೆ ಸೇರಿಸಬಹುದು. ಮಾಲೀಕರು ಅದನ್ನು ಮಾರಲು ಹೊರಟರೆ ಹಣ ಹೊಂದಿಸಿಕೊಂಡು ಬೇಡಿಕೆ ಸಲ್ಲಿಸಲು ಊರಿನವರಿಗೆ ಆರು ತಿಂಗಳವರೆಗೆ ಕಾಲಾವಕಾಶ ಸಿಗುತ್ತದೆ. ವೆಸ್ಟ್‌ಮಿನ್‌ಸ್ಟರ್ ನಗರಸಭೆ ಅದೇ ವರ್ಷ ಪ್ರಿನ್ಸ್ ಚಾರ್ಲ್ಸ್‌ಗೆ ಆ ಸ್ಥಾನ ಕೊಟ್ಟಿತು. ಈ ಕಾನೂನು ಮಾಲೀಕನನ್ನು ಮಾರದಂತೆ ತಡೆಯುವುದಿಲ್ಲ, ಇಂಥವರಿಗೇ ಮಾರು ಎಂದೂ ಹೇಳುವುದಿಲ್ಲ, ಗುತ್ತಿಗೆಯ ಜಗಳವನ್ನೂ ಬಿಡಿಸುವುದಿಲ್ಲ. ಅದು ಕೊಡುವುದು ಆರು ತಿಂಗಳನ್ನಷ್ಟೇ. ಆದರೆ ಒಂದು ರಾತ್ರಿ ಕಳೆದು ಬೆಳಗಾಗುವುದರೊಳಗೆ ತಗಡಿನ ಬೇಲಿ ಎದ್ದು ನಿಲ್ಲುವ ನಮ್ಮ ಊರುಗಳಿಗೆ ಆರು ತಿಂಗಳು ಎಂಬುದು ಸಣ್ಣದೇನಲ್ಲ.

ಈಗ ಬೆಂಗಳೂರಿನ ಮಾತು. ಇಲ್ಲಿನ ಉದಾಹರಣೆಯನ್ನು ಅಲ್ಲಿಗೆ ಎತ್ತಿ ಇಡುವುದು ಸುಲಭವಲ್ಲ ಎಂಬುದನ್ನು ಬಲ್ಲೆ. ಫಿಲ್ಮ್‌ಹೌಸ್ ಧರ್ಮಾರ್ಥ ಸಂಸ್ಥೆಯದು, ಕೆಲವು ನೂರು ಆಸನಗಳದ್ದು, ಹೆಚ್ಚಾಗಿ ಕಲಾತ್ಮಕ ಚಿತ್ರಗಳ ಪ್ರೇಕ್ಷಕರದ್ದು. ಮೆಜೆಸ್ಟಿಕ್‌ನ ಚಿತ್ರಮಂದಿರಗಳು ಖಾಸಗಿ ಕುಟುಂಬಗಳ ಆಸ್ತಿ. ಸಾವಿರ ಆಸನಗಳ ಮನೆಯಲ್ಲಿ ವಾರದ ದಿನ ಬೆಳಗಿನ ಆಟಕ್ಕೆ ನಲವತ್ತು ಜನ ಕುಳಿತಿದ್ದರೆ ಮಾಲೀಕರು ಏನು ಮಾಡಬೇಕು? ಕೆಳಗಿನ ನೆಲದ ಬೆಲೆ ಕೋಟಿಗಳಲ್ಲಿ, ಮೇಲಿನ ವ್ಯಾಪಾರದ ಆದಾಯ ಸಾವಿರಗಳಲ್ಲಿ. ಸಿಬ್ಬಂದಿಯ ಸಂಬಳ, ಆಸ್ತಿ ತೆರಿಗೆ, ಹವಾನಿಯಂತ್ರಣ, ಡಿಜಿಟಲ್ ಪ್ರದರ್ಶನದ ಶುಲ್ಕ ಯಾವುದೂ ಜನ ಬಂದಿಲ್ಲವೆಂದು ಕಡಿಮೆಯಾಗುವುದಿಲ್ಲ. ದೊಡ್ಡ ತಾರೆಯರ ಚಿತ್ರಗಳೂ ವರ್ಷಕ್ಕೊಂದೋ ಎರಡು ವರ್ಷಕ್ಕೊಂದೋ ಎಂಬಂತಾಗಿ, ನಡುವಿನ ವಾರಗಳನ್ನು ತುಂಬುವ ಹೊಣೆ ಸಣ್ಣ ಚಿತ್ರಗಳ ಮೇಲೆ ಬಿದ್ದಿದೆ. ಆದ್ದರಿಂದ ಮಾಲೀಕರನ್ನು ಖಳರಂತೆ ಚಿತ್ರಿಸಿ ಬರೆಯುವ ಪತ್ರಗಳನ್ನು ನಾನು ಒಪ್ಪುವುದಿಲ್ಲ. ಐವತ್ತು ವರ್ಷ ನಷ್ಟಲಾಭಗಳೆರಡನ್ನೂ ಉಂಡು ನಡೆಸಿದವರು ಅವರು. ನಾವು ಟಿಕೆಟ್ ಕೊಂಡವರು, ಈಚೆಗೆ ಅದನ್ನೂ ನಿಲ್ಲಿಸಿದವರು.

ಹಾಗಾದರೆ ಆ ಕಟ್ಟಡಗಳನ್ನು ಉಳಿಸುವುದೇಕೆ ಎಂದು ಕೇಳುವವರಿಗೆ ಒಂದು ಉತ್ತರ ಕನ್ನಡ ಚಿತ್ರರಂಗದ ರೂಢಿಯಲ್ಲೇ ಇದೆ. ಕನ್ನಡ ಚಿತ್ರವೊಂದು ಬಿಡುಗಡೆಯಾಗುವಾಗ 'ಮೇನ್ ಥಿಯೇಟರ್ ಯಾವುದು?' ಎಂದು ಇಂದಿಗೂ ಕೇಳುತ್ತಾರೆ. ಕೆ.ಜಿ. ರಸ್ತೆಯ ಒಂದು ಮನೆ ಸಿಕ್ಕಿದರೆ ಅಲ್ಲಿ ಕಟೌಟ್ ನಿಲ್ಲುತ್ತದೆ, ಬೆಳಗಿನ ಜಾವ ಹೂವಿನ ಹಾರ ಬೀಳುತ್ತದೆ, ಮೊದಲ ಆಟ ಬಿಟ್ಟೊಡನೆ ಹೊರಗೆ ಬಂದವರ ಮುಖ ನೋಡಿಯೇ ನಿರ್ಮಾಪಕರಿಗೆ ಚಿತ್ರದ ಗತಿ ತಿಳಿಯುತ್ತದೆ. ಬೀದಿಗೇ ಬಾಗಿಲು ತೆರೆದುಕೊಂಡ ಮನೆಯಲ್ಲಿ ಇದು ಸಾಧ್ಯ. ಮಾಲಿನ ನಾಲ್ಕನೇ ಮಹಡಿಯಲ್ಲಿ, ಬಟ್ಟೆ ಅಂಗಡಿಗಳನ್ನು ದಾಟಿ ಹೋಗುವ ಏಳನೇ ಪರದೆಯಲ್ಲಿ ಅಲ್ಲ. ಬಸ್ ನಿಲ್ದಾಣಕ್ಕೂ ರೈಲು ನಿಲ್ದಾಣಕ್ಕೂ ಹತ್ತಿರವಿರುವುದರಿಂದ, ಊರಿಗೆ ಹೋಗುವ ಬಸ್ಸಿಗೆ ಮೂರು ಗಂಟೆ ಕಾಯಬೇಕಾದ ಕೂಲಿಕಾರನೂ, ಆಸ್ಪತ್ರೆಗೆ ಬಂದು ರಾತ್ರಿಯ ರೈಲು ಹಿಡಿಯಬೇಕಾದ ದಂಪತಿಗಳೂ ಅಲ್ಲಿನ ಪ್ರೇಕ್ಷಕರು. ಅವರ ಪರವಾಗಿ ಸಹಿ ಸಂಗ್ರಹಿಸುವವರು ಯಾರೂ ಇಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಎಡಿನ್‌ಬರಾದ ಚಳವಳಿಯಲ್ಲಿ ಇದ್ದವರು ಬಹುಮಟ್ಟಿಗೆ ಓದುಬರಹ ಬಲ್ಲ, ಯಾವ ಬಾಗಿಲು ತಟ್ಟಬೇಕೆಂದು ಗೊತ್ತಿದ್ದ ಮಧ್ಯಮ ವರ್ಗದವರೇ.

ಮೆಜೆಸ್ಟಿಕ್ ಎಂಬ ಬಡಾವಣೆಯ ಹೆಸರೇ ಒಂದು ಚಿತ್ರಮಂದಿರದಿಂದ ಬಂದದ್ದು. ಆ ಚಿತ್ರಮಂದಿರ ಈಗಿಲ್ಲ. ಅಲಂಕಾರ್ ಹೋಗಿ ಅಲಂಕಾರ್ ಪ್ಲಾಜಾ ಬಂದು ಎಷ್ಟೋ ಕಾಲವಾಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆಕಂಡ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಇಂದು ಹಳಬರ ನೆನಪಿನಲ್ಲಿ ಮಾತ್ರ ಇದೆ. ಎಂ.ಜಿ. ರಸ್ತೆಯಲ್ಲಿ 1936ರಿಂದ ಇದ್ದ ಪ್ಲಾಜಾ, ಶಿವಾಜಿನಗರದ ಎಲ್ಗಿನ್ ಇವೂ ನೆಲಸಮವಾದವು. ಈ ಪಟ್ಟಿಯನ್ನು ಇನ್ನೂ ಬೆಳೆಸಬಹುದು, ಆದರೆ ಹೋದವುಗಳ ಪಟ್ಟಿ ಮಾಡುವುದರಲ್ಲಿ ನಾವು ಈಗಾಗಲೇ ಪಳಗಿದ್ದೇವೆ.

ಕಾನೂನಿನ ಕಡೆಯಿಂದ ನೋಡಿದರೆ ತೊಡಕು ಇರುವುದು ವಯಸ್ಸಿನಲ್ಲಿ. ಪ್ರಾಚೀನ ಸ್ಮಾರಕಗಳಿಗೆ ಸಂಬಂಧಿಸಿದ 1961ರ ರಾಜ್ಯದ ಕಾಯ್ದೆ ರಕ್ಷಣೆ ಕೊಡುವುದು ನೂರು ವರ್ಷ ಕಳೆದ ಕಟ್ಟಡಗಳಿಗೆ. 1968ರ ಕಪಾಲಿಯಾಗಲಿ 1974ರ ಕಾವೇರಿಯಾಗಲಿ ಅದರ ವ್ಯಾಪ್ತಿಗೆ ಬರುವ ಮಾತೇ ಇರಲಿಲ್ಲ. ಆದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡಕ್ಕೆ ಬೇರೆಯದೇ ವ್ಯಾಖ್ಯೆಯಿದೆ: ವಾಸ್ತುಶಿಲ್ಪದ, ಇತಿಹಾಸದ ಅಥವಾ ಸಂಸ್ಕೃತಿಯ ದೃಷ್ಟಿಯಿಂದ ಮೌಲ್ಯವುಳ್ಳ ಕಟ್ಟಡವನ್ನು ಯೋಜನಾ ಪ್ರಾಧಿಕಾರ ಹಾಗೆಂದು ಘೋಷಿಸಬಹುದು. ಈ ಅಧಿಕಾರವನ್ನು ಚಿತ್ರಮಂದಿರಗಳಿಗೆ ಬಳಸಲು ಇಚ್ಛೆಯೊಂದು ಬೇಕು, ಮಾಲೀಕರಿಗೆ ಆಗುವ ನಷ್ಟವನ್ನು ತುಂಬಿಕೊಡುವ ದಾರಿಯೂ ಬೇಕು. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಅಭಿವೃದ್ಧಿ ಹಕ್ಕು ವರ್ಗಾವಣೆಯ ಪ್ರಮಾಣಪತ್ರ, ಅಂದರೆ ಟಿಡಿಆರ್ (ಬೇರೆಡೆ ಹೆಚ್ಚುವರಿಯಾಗಿ ಕಟ್ಟಲು ಬಳಸಬಹುದಾದ ಅಥವಾ ಮಾರಬಹುದಾದ ಹಕ್ಕು) ಕೊಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಮುಂದಿನ ಇಪ್ಪತ್ತೈದು ವರ್ಷ ಚಿತ್ರಮಂದಿರವಾಗಿಯೇ ನಡೆಸುತ್ತೇನೆಂದು ಕರಾರು ಬರೆದುಕೊಡುವ ಮಾಲೀಕನಿಗೆ ಅದನ್ನು ಏಕೆ ಕೊಡಬಾರದು?

ಮುಖಮಂಟಪ ಉಳಿಸಿ ಒಳಗಿನದೆಲ್ಲವನ್ನೂ ಅಂಗಡಿ ಮಾಡುವುದನ್ನು 'ಉಳಿಸಿದೆವು' ಎಂದು ಕರೆಯುವವರೂ ಇದ್ದಾರೆ. ಮುಂಬೈನ ಚರ್ಚ್‌ಗೇಟ್ ಎದುರಿನ ಇರೋಸ್ ಈ ವಿಷಯದಲ್ಲಿ ನಡುದಾರಿಯ ಉದಾಹರಣೆ. 1938ರ ಆ ಕಟ್ಟಡ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಪ್ರದೇಶದೊಳಗೆ ಬರುತ್ತದೆ. 2017ರಲ್ಲಿ ಮುಚ್ಚಿತ್ತು, 2023ರಲ್ಲಿ ಸುತ್ತ ಸಾರುವೆ ಕಟ್ಟಿದ್ದು ಕಂಡು ಕೆಡವುತ್ತಾರೆಂದು ಜನ ಗಾಬರಿಯಾದರು. ಕೊನೆಗೆ 2024ರಲ್ಲಿ ಐಮ್ಯಾಕ್ಸ್ ಪರದೆಯೊಂದಿಗೆ ಮತ್ತೆ ತೆರೆಯಿತು. ಆಸನಗಳು ಬಹಳ ಕಡಿಮೆಯಾಗಿವೆ, ಟಿಕೆಟ್ ದರ ಹಳೆಯ ಪ್ರೇಕ್ಷಕರಿಗೆ ನಿಲುಕುವಂಥದ್ದಲ್ಲ, ಕಟ್ಟಡದ ಉಳಿದ ಭಾಗ ವ್ಯಾಪಾರಕ್ಕೆ ಹೋಗಿದೆ. ಆದರೂ ಒಂದು ಪರದೆ ಉಳಿಯಿತು. ನನ್ನ ಮಟ್ಟಿಗೆ ಹೇಳುವುದಾದರೆ, ಚಂದದ ಮುಂಭಾಗ ಉಳಿದು ಆಟ ನಿಂತುಹೋಗುವುದಕ್ಕಿಂತ, ಮುಂಭಾಗ ಬದಲಾಗಿ ಒಳಗೆ ನಾನೂರು ಆಸನಗಳ ಒಂದು ಮನೆ ಕೈಗೆಟಕುವ ದರದಲ್ಲಿ ಕನ್ನಡ ಚಿತ್ರ ತೋರಿಸುತ್ತಿದ್ದರೆ ಅದೇ ಲೇಸು. ವಾಸ್ತುಶಿಲ್ಪ ಪ್ರಿಯರು ನನ್ನನ್ನು ಕ್ಷಮಿಸಲಿ.

ರಾಜ್ಯ ಸರ್ಕಾರಕ್ಕೆ ಸಿನಿಮಾದ ಬಗ್ಗೆ ಆಸಕ್ತಿಯಿಲ್ಲ ಎನ್ನುವಂತಿಲ್ಲ. 2025–26ರ ಬಜೆಟ್ಟಿನಲ್ಲಿ ಮೈಸೂರಿನ ಚಿತ್ರನಗರಿಗೆ 500 ಕೋಟಿ ರೂಪಾಯಿಯ ಯೋಜನೆಯಿದೆ, ನಂದಿನಿ ಬಡಾವಣೆಯಲ್ಲಿ ಖಾಸಗಿ ಸಹಭಾಗಿತ್ವದ ಬಹುಪರದೆ ಸಂಕೀರ್ಣದ ಪ್ರಸ್ತಾಪವಿದೆ. ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕುವ ನಿಯಮವೂ 2025ರ ಸೆಪ್ಟೆಂಬರಿನಲ್ಲಿ ಬಂದು, ಹೈಕೋರ್ಟಿನ ಮಧ್ಯಂತರ ತಡೆಯಲ್ಲಿ ನಿಂತಿತು. ಆ ವಾದವಿವಾದದ ಗದ್ದಲದಲ್ಲಿ ಯಾರೂ ಗಮನಿಸದಿದ್ದ ಸಂಗತಿಯೆಂದರೆ, ಏಕಪರದೆಯ ಮನೆಗಳು ಹೆಚ್ಚಿನ ದಿನಗಳಲ್ಲಿ ಆ ಮಿತಿಗಿಂತ ಕಡಿಮೆ ದರಕ್ಕೇ ಟಿಕೆಟ್ ಮಾರುತ್ತ ಬಂದಿವೆ. ಅಗ್ಗದ ಟಿಕೆಟ್ಟು ಕೊಡುವ ಮನೆಗಳನ್ನು ಮುಚ್ಚಲು ಬಿಟ್ಟು ದುಬಾರಿ ಮನೆಗಳಲ್ಲಿ ಅಗ್ಗ ಮಾಡಿಸಲು ಹೊರಟದ್ದು ನನಗೆ ಸ್ವಲ್ಪ ವಿಚಿತ್ರವಾಗಿ ಕಂಡಿತು. ಚಲನಚಿತ್ರ ಅಕಾಡೆಮಿಯದೂ ಇದೇ ಕಥೆ: ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಹಲವು ಆವೃತ್ತಿಗಳು ರಾಜಾಜಿನಗರದ ಮಾಲೊಂದರ ಪರದೆಗಳಲ್ಲಿ ನಡೆದಿವೆ. ವರ್ಷಕ್ಕೆ ಒಂದು ವಾರ ಆ ಉತ್ಸವದ ಎರಡು ಪರದೆಗಳನ್ನಾದರೂ ಕೆ.ಜಿ. ರಸ್ತೆಗೆ ತಂದು, ಅದಕ್ಕೆ ಬೇಕಾದ ಯಂತ್ರ ಮತ್ತು ಶೌಚಾಲಯಗಳ ದುರಸ್ತಿಗೆ ಉತ್ಸವದ ಹಣದಲ್ಲೇ ಒಂದು ಪಾಲು ಕೊಟ್ಟರೆ ಆ ದುರಸ್ತಿಯ ಫಲ ವರ್ಷವಿಡೀ ಉಳಿಯುತ್ತದೆ. ಶೌಚಾಲಯದ ಮಾತನ್ನು ಬೇಕೆಂದೇ ಎತ್ತಿದೆ. ಹೆಂಗಸರು ಏಕಪರದೆಯ ಮನೆಗಳಿಗೆ ಬರುವುದನ್ನು ಬಿಟ್ಟದ್ದಕ್ಕೆ ಚಿತ್ರದ ಗುಣಮಟ್ಟಕ್ಕಿಂತ ಅದೇ ದೊಡ್ಡ ಕಾರಣವೆಂದು ನನ್ನ ಮನೆಯ ಹೆಂಗಸರು ಹೇಳುವುದನ್ನು ಕೇಳಿದ್ದೇನೆ.

ಉಳಿದದ್ದು ನಮ್ಮ, ಅಂದರೆ ಪ್ರೇಕ್ಷಕರ ಕೆಲಸ. ಹೊರದೇಶದ ಕನ್ನಡಿಗರಿಗೆ ಒಂದು ಅಭ್ಯಾಸವಿದೆ. ಇಲ್ಲಿ ಕನ್ನಡ ಚಿತ್ರಗಳು ತಾವಾಗಿ ಬರುವುದು ಕಡಿಮೆ. ಆದ್ದರಿಂದ ನಾವೇ ಒಂದಷ್ಟು ಜನ ಸೇರಿ, ವಿತರಕರೊಡನೆ ಮಾತಾಡಿ, ಭಾನುವಾರ ಬೆಳಗಿನ ಹೊತ್ತಿಗೆ ಒಂದು ಪರದೆಯನ್ನು ಬಾಡಿಗೆಗೆ ಹಿಡಿದು, ವಾಟ್ಸಾಪ್ ಗುಂಪುಗಳಲ್ಲಿ ಹೆಸರು ಬರೆಸಿಕೊಂಡು ಸೀಟು ತುಂಬಿಸುತ್ತೇವೆ. ಇಷ್ಟು ಟಿಕೆಟ್ ಹೋದರೆ ಬಾಡಿಗೆ ಹುಟ್ಟುತ್ತದೆ, ಇಲ್ಲದಿದ್ದರೆ ಉಳಿದದ್ದು ನಮ್ಮ ಕೈಯಿಂದ ಎಂಬ ಲೆಕ್ಕ ಎಲ್ಲರಿಗೂ ಗೊತ್ತಿರುತ್ತದೆ. ಒಮ್ಮೊಮ್ಮೆ ಕೈಯಿಂದ ಹಾಕಿದ್ದೂ ಇದೆ. ಫಿಲ್ಮ್‌ಹೌಸ್ ಉಳಿಸಿದವರು ಮಾಡಿದ್ದು ಇದನ್ನೇ, ಬಹಳ ದೊಡ್ಡ ಪ್ರಮಾಣದಲ್ಲಿ. ಎಲ್ಲೋ ಕುಳಿತ ನಮಗೆ ಸಾಧ್ಯವಾಗುವ ಈ ಕೆಲಸ ಒಂದು ಕೋಟಿಗೂ ಮಿಕ್ಕಿ ಜನರಿರುವ ಬೆಂಗಳೂರಿನಲ್ಲಿ ಸಾಧ್ಯವಾಗದು ಎಂದು ನಾನು ನಂಬಲಾರೆ.

ನನ್ನ ಸಲಹೆ ಇಷ್ಟು. ಮುಚ್ಚಿದ ಚಿತ್ರಮಂದಿರವನ್ನಲ್ಲ, ಇನ್ನೂ ನಡೆಯುತ್ತಿರುವ, ಮಾಲೀಕರಿಗೆ ನಡೆಸುವ ಮನಸ್ಸು ಅಷ್ಟಿಷ್ಟು ಉಳಿದಿರುವ ಒಂದೇ ಒಂದು ಚಿತ್ರಮಂದಿರವನ್ನು ಆರಿಸಿಕೊಳ್ಳಿ. ಅದರ ಹೆಸರಿನಲ್ಲಿ ಪ್ರೇಕ್ಷಕರ ಸಂಘವೊಂದನ್ನು ನೋಂದಾಯಿಸಿ. ಬರೀ ವಾಟ್ಸಾಪ್ ಗುಂಪಾದರೆ ಅದಕ್ಕೆ ಬ್ಯಾಂಕ್ ಖಾತೆಯೂ ಇಲ್ಲ, ಗುತ್ತಿಗೆ ಬರೆದುಕೊಡುವವರೂ ಇಲ್ಲ. ವಾರದ ಮಧ್ಯದ, ಖಾಲಿ ಹೊಡೆಯುವ ಒಂದು ಸಂಜೆಯ ಆಟವನ್ನು ಆ ಸಂಘ ನಿಗದಿತ ಬಾಡಿಗೆಗೆ ಹಿಡಿಯಲಿ; ಹಳೆಯ ಕನ್ನಡ ಚಿತ್ರವಿರಲಿ, ಪರದೆ ಸಿಗದೆ ಎರಡೇ ದಿನದಲ್ಲಿ ಎತ್ತಿಹಾಕಲ್ಪಟ್ಟ ಹೊಸ ಚಿತ್ರವಿರಲಿ, ತೋರಿಸಲಿ. ಆರು ತಿಂಗಳ ಲೆಕ್ಕಪತ್ರ ಕೈಗೆ ಬಂದರೆ ಮಾಲೀಕರ ಮುಂದೆ, ಆಮೇಲೆ ಬೇಕಾದರೆ ಸರ್ಕಾರದ ಮುಂದೆ ಇಟ್ಟು ಮಾತಾಡಲು ಒಂದು ಕಾಗದವಾದರೂ ಇರುತ್ತದೆ. ಮಾರಾಟದ ಯೋಚನೆ ಬಂದ ದಿನ ದಲ್ಲಾಳಿಗಿಂತ ಮೊದಲು ಈ ಸಂಘಕ್ಕೆ ತಿಳಿಸುವ ಮಾತೊಂದನ್ನು ಮಾಲೀಕರಿಂದ ಬರವಣಿಗೆಯಲ್ಲಿ ಪಡೆಯಲು ಆಗ ಮುಖವಿರುತ್ತದೆ. ಕಾನೂನು ಬರುವವರೆಗೆ ಆರು ತಿಂಗಳ ಕಾಲಾವಕಾಶವನ್ನು ಪಡೆಯಲು ನನಗೆ ತೋಚುವ ದಾರಿ ಇದೊಂದೇ.

ಮೈಸೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ನೆಲದ ಬೆಲೆ ಬೆಂಗಳೂರಿನಷ್ಟಿಲ್ಲದ ಕಾರಣ ಅಲ್ಲಿ ಇದು ಇನ್ನೂ ಸುಲಭವಾದೀತು. ಮೊದಲ ಸಂಘ ಅಲ್ಲೇ ಹುಟ್ಟಿದರೂ ಆಶ್ಚರ್ಯವಿಲ್ಲ.

ಅಂಥದ್ದೊಂದು ಸಂಘ ಎಲ್ಲಿ ಆರಂಭವಾದರೂ, ಪರದೆ ಬಾಡಿಗೆಗೆ ಹಿಡಿಯುವಾಗ ನಾವು ಬಳಸುವ ಕರಾರಿನ ನಮೂನೆಯನ್ನೂ ಲೆಕ್ಕದ ಹಾಳೆಯನ್ನೂ ಕನ್ನಡಕ್ಕೆ ತಂದು ಕಳುಹಿಸಲು ನಾನೂ ಇಲ್ಲಿನ ಕೆಲವು ಗೆಳೆಯರೂ ಸಿದ್ಧರಿದ್ದೇವೆ. ಮೊದಲ ತಿಂಗಳ ಒಂದು ಆಟದ ಬಾಡಿಗೆಯನ್ನೂ ನಾವೇ ಕೊಡುತ್ತೇವೆ. ಆಸಕ್ತರು ತಮ್ಮ ಪತ್ರಿಕೆಯ ಕಚೇರಿಗೆ ಬರೆದರೆ ಆ ಪತ್ರಗಳನ್ನು ದಯವಿಟ್ಟು ನನಗೆ ತಲುಪಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಹಳೆಯ ಓದುಗ,
ಎಡಿನ್‌ಬರಾ, ಸ್ಕಾಟ್ಲೆಂಡ್